ಡೇರೆಗೆ ಬಾಗಿಲಿರಲಿಲ್ಲ

ವರ್ಕಾಡಿ
ಗುರುವಾರ, 2 ಜನವರಿ 1997

ಪ್ರೀತಿಯ ತಂಗಿ ಜೆಸ್ಸಿಗೆ ನಿನ್ನ ಅಣ್ಣ ಫಿಡೆಲಿಸ್ ಮಾಡುವ ಆಶೀರ್ವಾದಗಳು.

ನಿನ್ನ ಮಂಡಿನೋವು ಈಗ ಹೇಗುಂಟು? ಮಂಜು ಬೀಳುವ ಹೊತ್ತಿನಲ್ಲಿ ಮಲ್ಲಿಗೆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಬೇಡ, ಕೊಯ್ಯುವುದನ್ನು ಸೊಸೆ ಗ್ಲೇಡಿಸಳಿಗೆ ಬಿಡು ಅಂತ ಬರೆಯುವವನಿದ್ದೆ. ಆಮೇಲೆ ನೆನಪಾಯಿತು, ಅವಳಿಗೆ ಈಗ ಏಳನೇ ತಿಂಗಳು. ಹಾಗಾದರೆ ನಿನ್ನ ಮಗ ಲ್ಯಾನ್ಸಿಯೇ ಕೊಯ್ಯಲಿ. ಮೂವತ್ಮೂರು ವರ್ಷದ ಗಂಡಸು ಮೊಗ್ಗು ಕೊಯ್ದರೆ ಶಂಕರಪುರದ ಮಾನ ಹೋಗುವುದಿಲ್ಲ. ಅವನ ಬೆನ್ನಿನ ಹುಣ್ಣು ಒಣಗಿತಾ? ಮೊಮ್ಮಗಳು ಪುಟ್ಟಿಯ ಕಿವಿ ಸೋರುವುದು ನಿಂತಿತಾ? ಬಿಸಿ ಮಾಡಿದ ಎಣ್ಣೆ ಹಾಕಬೇಡಿ, ನಮ್ಮ ಕಾಲದ ಮದ್ದು ಈಗಿನ ಕಿವಿಗೆ ಆಗುವುದಿಲ್ಲ ಅಂತ ಇಲ್ಲಿನ ಡಾಕ್ಟರರು ಹೇಳುತ್ತಾರೆ.

ನಿನ್ನ ಕ್ರಿಸ್ಮಸ್ ಕಾಗದ ಡಿಸೆಂಬರ್ ಹದಿನೆಂಟಕ್ಕೇ ತಲುಪಿತ್ತು. ಕುಸ್ವಾರಿನ ತಿಂಡಿ ಡಬ್ಬವನ್ನೂ ಬಸ್ಸಿನ ಕಂಡಕ್ಟರ್ ಜೋಪಾನವಾಗಿ ಇಳಿಸಿ ಹೋದ. ನೆವ್ರಿ ಒಂದೂ ಒಡೆದಿರಲಿಲ್ಲ. ಉತ್ತರ ಬರೆಯದೆ ಹದಿನೈದು ದಿನ ಕಳೆದೆ, ಕ್ಷಮಿಸು. ಊರಿನ ಅರ್ಧ ಜನಕ್ಕೆ ಕಾಗದ ಬರೆದುಕೊಡುವ ಅಣ್ಣನಿಗೆ ಸ್ವಂತ ತಂಗಿಗೆ ಬರೆಯಲು ಪುರುಸೊತ್ತಿಲ್ಲವಾ ಅಂತ ನೀನು ಬೈದಿರಬಹುದು. ಪುರುಸೊತ್ತು ಬೇಕಾದಷ್ಟು ಇತ್ತು. ಎರಡು ಸಲ ಬರೆದು ಎರಡು ಸಲವೂ ಹರಿದೆ. ನಾನು ಶಾಲೆಗೆ ಹೋದವನಲ್ಲ, ಬಸ್ಸಿನ ಕ್ಲೀನರಾಗಿದ್ದಾಗ ಬೋರ್ಡು ನೋಡಿ ಅಕ್ಷರ ಕಲಿತವನು. ಮಾತಾಡುವುದು ಕೊಂಕಣಿ, ಬರೆಯುವುದು ಕನ್ನಡ. ಆದರೆ ಬರೆಯಲು ಕೂತ ಮೇಲೆ ಕೈ ತಡೆದದ್ದು ಈ ಅರವತ್ತೇಳು ವರ್ಷದಲ್ಲಿ ಇದೇ ಮೊದಲು.

ನಿನ್ನ ಅತ್ತಿಗೆ ಮಗ್ದಲಿನ್ ಆರೋಗ್ಯದಿಂದ ಇದ್ದಾಳೆ. ನನ್ನ ಹತ್ತಿರ ಮಾತಾಡುವುದಿಲ್ಲ, ಅಷ್ಟೇ. ಇವತ್ತಿಗೆ ನಾಲ್ಕು ದಿನ ಆಯಿತು. ಕಾಫಿ ತಂದು ಕುಕ್ಕುತ್ತಾಳೆ. ಹೇಳುವುದಿದ್ದರೆ ಕೋಳಿಗಳಿಗೆ ಹೇಳುತ್ತಾಳೆ. "ಈ ಮನೆಯ ಯಜಮಾನರಿಗೆ ಗಂಜಿ ಇಟ್ಟಿದ್ದೇನೆ, ಉಣ್ಣಲಿಕ್ಕೆ ಅಳಿಯನ ಅಪ್ಪಣೆ ಬೇಕಾದರೆ ಕಾರ್ಡು ಹಾಕಲಿ" ಅಂತ ಇವತ್ತು ಬೆಳಿಗ್ಗೆ ಹುಂಜಕ್ಕೆ ಹೇಳಿದಳು.

ಎಂತ ಆಯಿತು ಅಂತ ಮೊದಲಿಂದ ಹೇಳುತ್ತೇನೆ. ನನಗೇ ಎಲ್ಲ ಗೋಜಲಾಗಿದೆ. ನೀನು ಓದಿ ಬಿಡಿಸು.

ನನ್ನ ಮಗಳು ಎವ್ಲಿನ್ ಆಗಸ್ಟಿನಲ್ಲಿ ಮೊಮ್ಮಗಳು ಲವಿಟಾಳ ಕೈ ಹಿಡಿದುಕೊಂಡು ಮನೆಗೆ ಬಂದದ್ದು ನಿನಗೆ ಗೊತ್ತುಂಟು. ಹಬ್ಬಕ್ಕೆ ಬಂದಳು, ಹೋಗುತ್ತಾಳೆ ಅಂತ ನಾನು ಆಗ ಬರೆದಿದ್ದೆ. ಅವಳು ಹೋಗಲಿಲ್ಲ. ಅವಳ ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ಕೇಳಿದರೆ ಗ್ರೈಂಡರಿಗೆ ಸಿಕ್ಕಿತು ಅಂದಳು. ಅಳಿಯ ಹರ್ಬರ್ಟನ ಮನೆಯಲ್ಲಿ ಗ್ರೈಂಡರ್ ಇಲ್ಲ, ಕಡೆಯುವ ಕಲ್ಲು ಇರುವುದು. ನಾನು ಮತ್ತೆ ಕೇಳಲಿಲ್ಲ. ಗಂಡ ಹೆಂಡತಿಯ ನಡುವಿನ ಮಾತನ್ನು ಅಪ್ಪ ಹೇಗೆ ಕೇಳುವುದು? ಮಗುವನ್ನು ಇಲ್ಲಿನ ಕನ್ನಡ ಶಾಲೆಗೆ ನಾಲ್ಕನೇ ಕ್ಲಾಸಿಗೆ ಸೇರಿಸಿದಳು, ತಾನು ಬೀಡಿ ಕಟ್ಟಲು ಕೂತಳು, ಸರಿಯಾದ ಬೆರಳುಗಳಲ್ಲೇ.

ಮನೆಯಲ್ಲಿ ಅವಳು ನಿದ್ದೆ ಮಾಡುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿರುತ್ತಾಳೆ, ಚಪ್ಪಲಿ ಪಕ್ಕದಲ್ಲೇ. ಹೊರಗೆ ತೆಂಗಿನ ಗರಿ ಬಿದ್ದರೆ ಮಗುವನ್ನು ಎತ್ತಿಕೊಂಡು ಎದ್ದು ನಿಲ್ಲುತ್ತಾಳೆ. "ಮಗಾ, ಇದು ನಿನ್ನ ಅಪ್ಪನ ಮನೆ. ಹಲಸಿನ ಮರದ ಬಾಗಿಲು ಉಂಟು, ಎರಡು ಅಗುಳಿ ಉಂಟು, ನಾನು ಇದ್ದೇನೆ" ಅಂತ ನಾನು ಎಷ್ಟು ಸಲ ಹೇಳಿದೆನೋ. "ಹೌದು ಪಪ್ಪಾ" ಅನ್ನುತ್ತಾಳೆ. ಮಲಗುವುದಿಲ್ಲ.

ಲವಿಟಾಳ ಶಾಲೆಯಲ್ಲಿ ವಸುಮತಿ ಟೀಚರ್ ಅಂತ ಒಬ್ಬರು ಇದ್ದಾರೆ. ಬಾಯಾರು ಊರಿನವರು, ಗಂಡ ತೀರಿಹೋಗಿ ಹನ್ನೊಂದು ವರ್ಷ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದವರು. ಕ್ರಿಸ್ಮಸ್ ರಜೆಯಲ್ಲಿ ಒಂದು ಶಿಬಿರ ಮಾಡುತ್ತೇವೆ, ಒಬ್ಬೊಬ್ಬರೇ ಮಕ್ಕಳನ್ನು ಸಾಕುವ ತಾಯಂದಿರು, ಅವರ ಮಕ್ಕಳು, ಮೂರು ದಿನ ಡೇರೆ ಹಾಕಿ ಇರುವುದು, ಎವ್ಲಿನ್ ಬರಬೇಕು ಅಂತ ಮನೆಗೇ ಬಂದು ಕೇಳಿದರು.

ನಾನು ಕೇಳಿದೆ, "ಭಾಷಣವಾ ಟೀಚರ್? ಹೊಲಿಗೆ ಕಲಿಸುವುದಾ?"

"ಎಂತದೂ ಇಲ್ಲ ಮಾಮ. ಸುಮ್ಮನೆ ಇರುವುದು."

"ಸುಮ್ಮನೆ ಇರಲಿಕ್ಕೆ ಮನೆ ಉಂಟಲ್ಲ?"

"ಮನೆಯಲ್ಲಿ ಸುಮ್ಮನೆ ಇರಲಿಕ್ಕೆ ಬಿಡ್ತಾರಾ ಮಾಮ?" ಅಂತ ಹೇಳಿ ಅವರು ನಕ್ಕರು. ಮಗ್ದಲಿನಳೂ ನಕ್ಕಳು. ಎಂತಕ್ಕೆ ನಕ್ಕರು ಅಂತ ನನಗೆ ಆಗ ತಿಳಿಯಲಿಲ್ಲ.

ಹೆಂಗಸರು ಮಾತ್ರ ಬಯಲಲ್ಲಿ ಮಲಗಿದರೆ ಊರು ಸುಮ್ಮನಿರುವುದಿಲ್ಲ, ಅದಕ್ಕೆ ಹೆಸರಿಗೆ ಒಬ್ಬ ಹಿರಿಯರು ಬೇಕು, ನೀವು ಬನ್ನಿ ಅಂತ ಟೀಚರ್ ನನ್ನನ್ನೂ ಕರೆದರು. ಹೆಸರಿಗೆ ಅನ್ನುವುದನ್ನು ನಾನು ಕೇಳಿಸಿಕೊಳ್ಳಲಿಲ್ಲ ಅಂತ ಕಾಣುತ್ತದೆ. ಕಾವಲಿಗೆ ಅಂತಲೇ ತಿಳಿದು ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿದೆ, ಬೆತ್ತದ ಕೋಲಿಗೆ ಎಣ್ಣೆ ಹಚ್ಚಿದೆ.

ಜಾಗ ಮುದ್ದಣ್ಣ ಶೆಟ್ಟರದ್ದು. ಇಲ್ಲಿಂದ ಎರಡು ಮೈಲು ಮೇಲೆ, ಮುರಕಲ್ಲಿನ ಪದವು, ಬೋಳು ಬಯಲು. ಹುಲ್ಲು, ನಾಲ್ಕು ಗೇರುಮರ, ಒಂದು ಬಾವಿ, ಮತ್ತೆಲ್ಲ ಆಕಾಶ. ಶೆಟ್ಟರು ಜಾಗ ಕೊಟ್ಟರು, ನಾಲಗೆಯನ್ನೂ ಕೊಟ್ಟರು. ನಾನು ಕೋಲು ಹಿಡಿದು ಹತ್ತುವುದನ್ನು ನೋಡಿ, "ಎಂತ ಪೊರ್ಬುಗಳೇ, ಹೆಂಗಸರ ಸರ್ಕಸ್ಸಿಗೆ ನೀವು ಸಿಂಹವಾ, ಜೋಕರಾ?" ಅಂತ ದಾರಿಯಲ್ಲೇ ಕೇಳಿದರು.

"ಮ್ಯಾನೇಜರ್" ಅಂದೆ.

ಒಂಬತ್ತು ಜನ ತಾಯಂದಿರು, ಹದಿನಾಲ್ಕು ಮಕ್ಕಳು. ಸ್ಕೌಟಿನವರ ಮೂರು ಡೇರೆ, ಸಾಲದ್ದಕ್ಕೆ ಅಡಿಕೆ ಹರಡುವ ಟರ್ಪಾಲು ಕಟ್ಟಿ ಮಾಡಿದ ಎರಡು. ಟರ್ಪಾಲಿನ ಡೇರೆಗೆ ಎರಡು ಬದಿಯೂ ಬಯಲು. ನಾನು ಕಟ್ಟಲು ಹೋದರೆ, "ಪೊರ್ಬುಗಳೇ, ನೀವು ಕೂತ್ಕೊಳ್ಳಿ, ನಿಮ್ಮ ಗಂಟು ಗಾಳಿಗೆ ಬಿಚ್ಚುತ್ತದೆ" ಅಂತ ಐಸಮ್ಮ ಹಗ್ಗ ಕಸಿದುಕೊಂಡಳು. ಈ ಐಸಮ್ಮ ಬ್ಯಾರಿ ಹೆಂಗಸು, ಬೀಡಿ ಬ್ರ್ಯಾಂಚಿನಲ್ಲಿ ಎವ್ಲಿನಳ ಪಕ್ಕ ಕೂರುವವಳು. ಗಂಡ ಗಲ್ಫಿಗೆ ಹೋದವನು ಅಲ್ಲಿಂದಲೇ ಬಿಟ್ಟುಬಿಟ್ಟ. ಮೂರು ಹೆಣ್ಣುಮಕ್ಕಳು. ಬಾಯಿ ಬಂಡಿಯ ಹಾಗೆ. ನನಗೆ ಐವತ್ತು ಹೆಜ್ಜೆ ಆಚೆ ಗೇರುಮರದ ಬುಡ ತೋರಿಸಿ, "ಅಲ್ಲಿ ನಿಮ್ಮ ಬಂಗ್ಲೆ" ಅಂದಳು.

ಅಲ್ಲಿ ಅವರು ಮಾಡಿದ್ದೆಲ್ಲ ಬರೆದರೆ ನೀನು ನಗುತ್ತೀ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಮೀನು ತಿನ್ನುವವರು ಒಂದು ಒಲೆ, ತಿನ್ನದವರು ಗಾಳಿ ಬರುವ ಬದಿಯಲ್ಲಿ ಇನ್ನೊಂದು ಒಲೆ. ಮಕ್ಕಳು ಎರಡೂ ಕಡೆ ತಿಂದವು. ತಾಯಂದಿರು ಕುಂಟೆಬಿಲ್ಲೆ ಆಡಿದರು ಜೆಸ್ಸಿ, ಮೂವತ್ತು ನಲವತ್ತು ವರ್ಷದ ಹೆಂಗಸರು, ಸೀರೆ ಎತ್ತಿ ಕಟ್ಟಿ. ಎವ್ಲಿನ್ ಬಿದ್ದಳು. ಬಿದ್ದಲ್ಲಿಂದ ಏಳದೆ ಅಲ್ಲೇ ಕೂತು ನಕ್ಕಳು. ಅವಳ ನಗು ಹೇಗಿರುತ್ತದೆ ಅನ್ನುವುದು ನನಗೆ ಮರೆತುಹೋಗಿತ್ತು. ಮೊದಲು ಬೇರೆ ಯಾರೋ ಅಂದುಕೊಂಡೆ.

ಮೊದಲ ರಾತ್ರಿ ಕಳೆದು ಬೆಳಗಾದಾಗ ನೋಡುತ್ತೇನೆ, ಸೂರ್ಯ ಗೇರುಮರಕ್ಕಿಂತ ಮೇಲೆ ಬಂದರೂ ಯಾರೂ ಎದ್ದಿಲ್ಲ. ಹತ್ತಿರ ಹೋಗಿ ಕೆಮ್ಮಿದೆ. ಟರ್ಪಾಲಿನ ಕೆಳಗೆ ಎವ್ಲಿನ್ ಅಂಗಾತ ಮಲಗಿದ್ದಾಳೆ. ಒಂದು ಕೈ ಹೊರಗೆ ಹುಲ್ಲಿನ ಮೇಲೆ. ಬಾಯಿ ಸ್ವಲ್ಪ ತೆರೆದಿದೆ. ಗೊರಕೆ! ಚಪ್ಪಲಿ ಎಲ್ಲೋ ಅತ್ತ ಒಂದು, ಇತ್ತ ಒಂದು. ನನಗೆ ಸಂತೋಷ ಆಯಿತು ಅಂತ ನೀನು ತಿಳಿಯುತ್ತೀ. ಆಯಿತು. ಅದರ ಬೆನ್ನಿಗೇ ಒಂದು ಥರ ಮುಖಕ್ಕೆ ಹೊಡೆದ ಹಾಗೂ ಆಯಿತು. ನನ್ನ ಮನೆಯಲ್ಲಿ ಐದು ತಿಂಗಳು ಬಾರದ ನಿದ್ದೆ ಮುದ್ದಣ್ಣ ಶೆಟ್ಟರ ಮುರಕಲ್ಲಿನ ಮೇಲೆ ಹೇಗೆ ಬಂತು?

ಐಸಮ್ಮ ಒಲೆ ಊದುತ್ತಿದ್ದಳು. "ಹೆದರಿಕೆ ಆಗಲಿಲ್ವಾ ನಿಮಗೆ? ನಾಲ್ಕೂ ಕಡೆ ಬಯಲು" ಅಂತ ಕೇಳಿದೆ.

"ಎಂತದ್ದು ಹೆದರಿಕೆ ಪೊರ್ಬುಗಳೇ? ಡೇರೆಗೆ ಬಾಗಿಲೇ ಇಲ್ಲ. ತಟ್ಟುವವರು ಎಲ್ಲಿಗೆ ತಟ್ಟುವುದು?"

"ಬಾಗಿಲಿಲ್ಲದಿದ್ದರೆ ಒಳಗೇ ಬರಬಹುದಲ್ಲ?"

"ಬರಲಿ. ಬಂದರೆ ಒಂಬತ್ತು ಜನಕ್ಕೂ ಕಾಣ್ತದೆ. ಮನೆಯಲ್ಲಿ ಬಂದರೆ ಒಬ್ಬಳಿಗೇ ಕಾಣುವುದು."

ಇದು ಸರಿಯಾದ ಮಾತಾ ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ. ಗೋಡೆ ಇರುವುದು ಕಾಯಲಿಕ್ಕೆ ಅಂತ ನಾನು ಇಷ್ಟು ವರ್ಷ ತಿಳಿದದ್ದು.

ಶುಕ್ರವಾರ, ಸಂಜೆ

ನಿನ್ನೆ ಅಲ್ಲಿಗೆ ನಿಲ್ಲಿಸಿದೆ. ಮುಂದಿನದ್ದು ಬರೆಯಲು ಮನಸ್ಸು ಬರಲಿಲ್ಲ.

ಎರಡನೇ ದಿನ, ಶನಿವಾರ, ಊಟದ ಹೊತ್ತು ಕಳೆದಿತ್ತು. ಹೆಂಗಸರು ಸಂಜೆಯ ಗಂಜಿಗೆ ಅಕ್ಕಿ ಆರಿಸಲು ಗೆರಸೆ ತೆಗೆದಿದ್ದರು. ಕೆಳಗೆ ಒಂದು ಆಟೋ ನಿಂತಿತು. ಹತ್ತಿ ಬಂದವನು ಹರ್ಬರ್ಟ್. ಬಿಳಿ ಅಂಗಿ, ಇಸ್ತ್ರಿ ಹಾಕಿದ್ದು. ಕೈಯಲ್ಲಿ ಪ್ಲಮ್ ಕೇಕಿನ ಪೊಟ್ಟಣ.

"ಪಪ್ಪಾ, ಹೇಗಿದ್ದೀರಿ?" ಅಂತ ನನ್ನ ಕಡೆಗೇ ಬಂದ. ಅಷ್ಟು ನಯವಾದ ಮಾತು.

ಅಳಿಯ ಬಂದಾಗ ಎಂತ ಮಾಡಬೇಕು? ನನ್ನ ಕೈಗೆ ಗೊತ್ತಿರುವುದನ್ನು ಕೈ ಮಾಡಿತು. ನಾನು ಎದ್ದೆ. ನನ್ನ ಮಣೆ ಕೊಟ್ಟೆ. ಮಕ್ಕಳ ಪಾನಕಕ್ಕೆ ಇಟ್ಟಿದ್ದ ಬೆಲ್ಲದ ಅಚ್ಚು ಒಡೆದು, ಬಾವಿಯ ತಣ್ಣೀರು ತಂದು, ಅವನಿಗೆ ಕೊಟ್ಟೆ. ಬಂದವರಿಗೆ ಕುಡಿಯಲು ಆಸರಿಗೆ ಕೇಳುವುದು ತಪ್ಪಾ ಜೆಸ್ಸಿ? ವೈರಿ ಬಂದರೂ ನಾವು ಬೆಲ್ಲ ನೀರು ಕೊಡುವವರು. ಕೊಡುವಾಗ ಒಂಬತ್ತೂ ಜನ ನನ್ನನ್ನು ನೋಡುತ್ತಿದ್ದರು.

ಅವನು ನೀರು ಕುಡಿದು ಗ್ಲಾಸು ಕೆಳಗಿಟ್ಟ. "ಎವ್ಲಿನ್, ಮನೆಗೆ ಹೋಗುವ. ಮಗುವಿನ ಬಟ್ಟೆ ತೆಗೆ" ಅಂದ. ಲವಿಟಾ ಅವನ ಹತ್ತಿರದಲ್ಲೇ ಇದ್ದಳು. ಅವಳ ಮಣಿಕಟ್ಟು ಹಿಡಿದ. ಮಗು ಅಳಲಿಲ್ಲ. ಎಳೆಯಲೂ ಇಲ್ಲ. ಇನ್ನೊಂದು ಕೈಯಲ್ಲಿ ಡೇರೆಯ ಹಗ್ಗ ಹಿಡಿದು ಹಾಗೇ ನಿಂತಳು. ಫ್ರಾಕಿನ ಕೆಳಗೆ ಕಾಲು ಒದ್ದೆಯಾಗುವುದು ನನಗೆ ಕಂಡಿತು. ಒಂಬತ್ತು ವರ್ಷದ ಹುಡುಗಿ.

ವಸುಮತಿ ಟೀಚರ್ ಮುಂದೆ ಬಂದರು. "ಇದು ತಾಯಂದಿರ ಶಿಬಿರ. ನಿಮ್ಮನ್ನು ಇಲ್ಲಿಗೆ ಯಾರೂ ಕರೆಯಲಿಲ್ಲ. ಮಗುವಿನ ಕೈ ಬಿಡಿ."

"ಕರೆಯಲಿಲ್ಲವಾ?" ಹರ್ಬರ್ಟ್ ನಕ್ಕ. ಮಗುವಿನ ಕೈ ಬಿಟ್ಟು ಜೇಬಿನಿಂದ ಒಂದು ಅಂಚೆ ಕಾರ್ಡು ತೆಗೆದ. ಎಲ್ಲರಿಗೂ ಕೇಳುವ ಹಾಗೆ ಓದಿದ: "ಚಿರಂಜೀವಿ ಹರ್ಬರ್ಟನಿಗೆ ಮಾವನ ಆಶೀರ್ವಾದಗಳು. ಎವ್ಲಿನ್ ಮತ್ತು ಲವಿಟಾ ಇದೇ ಇಪ್ಪತ್ತೇಳರಿಂದ ಮೂರು ದಿನ ವರ್ಕಾಡಿಯ ಮುದ್ದಣ್ಣ ಶೆಟ್ಟರ ಪದವಿನಲ್ಲಿ ಶಿಬಿರದಲ್ಲಿ ಇರುತ್ತಾರೆ. ನಾನೂ ಜೊತೆಗಿರುವೆನು. ನಿಮ್ಮವರು ನಮ್ಮಲ್ಲಿ ಕ್ಷೇಮ. ಚಿಂತೆ ಬೇಡ."

ನನ್ನ ಅಕ್ಷರ. ನನ್ನದೇ ಸಹಿ.

ಯಾಕೆ ಬರೆದೆ ಅಂತ ನೀನು ಕೇಳುವ ಅಗತ್ಯ ಇಲ್ಲ, ನಮ್ಮ ಮನೆಯ ಕ್ರಮ ನಿನಗೂ ಗೊತ್ತುಂಟು. ಮದುವೆಯಾದ ಮಗಳು ತವರಿಗೆ ಬಂದಾಗ, ಅಥವಾ ತವರಿನಿಂದ ಇನ್ನೆಲ್ಲಿಗಾದರೂ ಹೋಗಿ ತಂಗುವಾಗ, ಅವಳ ಗಂಡನ ಮನೆಗೆ ತಿಳಿಸುವುದು. ನಾಳೆ ಯಾರೂ ಮಗಳ ಮೇಲೆ ಒಂದು ಮಾತು ಆಡಬಾರದು ಅಂತ. ಬೀಗರು ಕೇಳುವ ಮೊದಲೇ ತಿಳಿಸಿದರೆ ಅದು ಮರ್ಯಾದೆ. ನಾನು ಊರಿನ ಎಷ್ಟು ಜನಕ್ಕೆ ಇಂಥ ಕಾರ್ಡು ಬರೆದುಕೊಟ್ಟಿದ್ದೇನೆ. ಎವ್ಲಿನಳ ಒಳ್ಳೆಯದಕ್ಕೇ ಬರೆದದ್ದು. ಆದರೆ ಅವನು ಓದುವಾಗ ನನಗೇ ಬೇರೆ ಥರ ಕೇಳಿಸಿತು. ಕಳೆದುಹೋದ ದನ ಇಂಥ ದೊಡ್ಡಿಯಲ್ಲಿ ಉಂಟು, ಬಂದು ಬಿಡಿಸಿಕೊಂಡು ಹೋಗಿ ಅನ್ನುವ ಹಾಗೆ.

ಎವ್ಲಿನ್ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಅದೇ ನನಗೆ ಅರ್ಥವಾಗದ್ದು. ಮೊದಲೇ ಗೊತ್ತಿದ್ದ ಒಂದು ವಿಷಯವನ್ನು ಯಾರೋ ಮತ್ತೊಮ್ಮೆ ಹೇಳಿದರೆ ನೋಡುತ್ತೇವಲ್ಲ, ಹಾಗೆ ನೋಡಿದಳು. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆಲದಲ್ಲಿ ಕೂತುಬಿಟ್ಟಳು.

ಆಗ ಅವರು ಎಂತ ಮಾಡಿದರು ಗೊತ್ತಾ? ಯಾರೂ ಕೂಗಲಿಲ್ಲ, ಕೋಲು ತೆಗೆಯಲಿಲ್ಲ. ಐಸಮ್ಮ ತನ್ನ ಗೆರಸೆ ಎತ್ತಿಕೊಂಡು ಬಂದು ಎವ್ಲಿನಳ ಬಲಕ್ಕೆ ಕೂತಳು. ಟೀಚರ್ ಎಡಕ್ಕೆ ಕೂತರು. ಉಳಿದವರು ಒಬ್ಬೊಬ್ಬರೇ ಬಂದು ಸುತ್ತ ಕೂತರು. ಕೂತು ಅಕ್ಕಿ ಆರಿಸತೊಡಗಿದರು. ನಾಲ್ಕು ಗೆರಸೆ, ಎಂಟು ಹೆಂಗಸರು, ನಡುವೆ ನನ್ನ ಮಗಳು. ಒಳಗೆ ಹೋಗಬೇಕಾದರೆ ಅನ್ನದ ಅಕ್ಕಿಯನ್ನೂ ಪರ ಹೆಂಗಸರ ಮಡಿಲನ್ನೂ ದಾಟಿ ಕಾಲಿಡಬೇಕು. ಯಾವ ಗಂಡಸು ಇಡುತ್ತಾನೆ?

"ಈ ಅಕ್ಕಿಯಲ್ಲಿ ಕಲ್ಲು ಭಾರೀ ಉಂಟು ಟೀಚರೇ" ಅಂದಳು ಐಸಮ್ಮ.

"ಹೆಕ್ಕಿ ಬಿಸಾಡು. ಅವಸರ ಇಲ್ಲ" ಅಂದರು ಟೀಚರ್.

ಹರ್ಬರ್ಟ್ ಕಾಲು ಗಂಟೆ ನಿಂತ. ಬಿಸಿಲು ಇತ್ತು. ನನ್ನ ಕಡೆ ನೋಡಿದ, ಪಪ್ಪಾ ಎಂತಾದರೂ ಹೇಳುತ್ತಾರಾ ಅಂತ. ಅವರೂ ನೋಡಿದರು, ಪೊರ್ಬುಗಳು ಎಂತಾದರೂ ಹೇಳುತ್ತಾರಾ ಅಂತ. ಕಾವಲಿಗೆ ಬಂದವನು ನಾನು. ಅವನು ಕುಡಿದಿಟ್ಟ ಗ್ಲಾಸು ಹೆಕ್ಕಿಕೊಂಡು ನಿಂತೆ. ಕೊನೆಗೆ ಅವನು ಕೇಕಿನ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟು, "ಜನವರಿ ಹನ್ನೆರಡಕ್ಕೆ, ಆದಿತ್ಯವಾರ, ನಾನು ಮನೆಗೆ ಬರ್ತೇನೆ ಪಪ್ಪಾ. ಅಲ್ಲಿ ಇವರು ಯಾರೂ ಇರುವುದಿಲ್ಲವಲ್ಲ" ಅಂದ. ಇಳಿದು ಹೋದ.

ಆ ರಾತ್ರಿಯೂ ಅವರೆಲ್ಲ ನಿದ್ದೆ ಮಾಡಿದರು. ಎವ್ಲಿನ್ ಕೂಡ. ನಾನು ಮಾಡಲಿಲ್ಲ.

ಮರುದಿನ ಪವಿತ್ರ ಕುಟುಂಬದ ಹಬ್ಬ. ಇಗರ್ಜಿಯಲ್ಲಿ ಪಾದ್ರಿಯವರು ಅಪ್ಪ ಅಮ್ಮ ಮಗು ಅಂತ ಪ್ರಸಂಗ ಮಾಡುವ ಹೊತ್ತಿಗೆ ನಾನು ಪದವಿನಲ್ಲಿ ಟರ್ಪಾಲು ಮಡಚುತ್ತಿದ್ದೆ. ಎವ್ಲಿನ್ ಬಾವಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ನಾನು ಹೋಗಿ ನೀರು ಸೇದಿ ಹೊಯ್ದೆ. ಎರಡು ಕೊಡಪಾನ ಮುಗಿಯಿತು.

"ಪಪ್ಪಾ, ಕಾರ್ಡು ಹಾಕಿದ್ದಕ್ಕೆ ನನಗೆ ಸಿಟ್ಟಿಲ್ಲ" ಅಂದಳು. "ನೀವು ಅವನಿಗೆ ಬೆಲ್ಲ ಕೊಟ್ಟಿರಲ್ಲ, ಎರಡು ಕೈಯಲ್ಲಿ ಕೊಟ್ಟಿರಿ."

"ಅಳಿಯನಿಗೆ ಒಂದು ಕೈಯಲ್ಲಿ ಹೇಗೆ ಕೊಡುವುದು ಮಗಾ?"

"ಅದೇ ಪಪ್ಪಾ. ನನಗೆ ನಿಮ್ಮ ಮನೆಯಲ್ಲಿ ನಿದ್ದೆ ಬಾರದ್ದು ಅದಕ್ಕೇ. ಅವನು ಬಾಗಿಲು ಒಡೆದು ಬರ್ತಾನೆ ಅಂತ ನಾನು ಒಂದು ದಿನವೂ ಹೆದರಲಿಲ್ಲ. ಅವನು ತಟ್ತಾನೆ, ನೀವು ಎದ್ದು ಹೋಗಿ ತೆರೆಯುತ್ತೀರಿ. ಅದಕ್ಕೆ ಹೆದರಿದ್ದು."

ನಾನು ಹಗ್ಗ ಹಿಡಿದುಕೊಂಡು ನಿಂತೆ. ತೆರೆಯುವುದಿಲ್ಲ ಅಂತ ಹೇಳಬಹುದಿತ್ತು. ಅವಳು ಅಷ್ಟನ್ನೇ ಕಾದಳು ಅಂತ ಕಾಣುತ್ತದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ನಾನು ತೆರೆಯುವವನೇ.

ಅವಳು ಪಾತ್ರೆ ಬೋರಲು ಹಾಕಿ ಎದ್ದಳು. "ನಾನು ಟೀಚರ ಒಟ್ಟಿಗೆ ಬಾಯಾರಿಗೆ ಹೋಗ್ತೇನೆ. ಬರಬೇಡ ಅಂತ ಅವನಿಗೆ ನೀವೇ ಬರೆಯಿರಿ. ಬರೆದರೆ ಮನೆಗೆ ಬರ್ತೇನೆ. ಬರೆಯದಿದ್ದರೆ ಲವಿಟಾಳ ಟಿ.ಸಿ. ಅಲ್ಲಿನ ಶಾಲೆಗೆ ತೆಗೆದುಕೊಳ್ತೇನೆ. ಆಮೇಲೆ ಕಾಗದ ಬರೆಯಬೇಡಿ ಪಪ್ಪಾ, ನಾನು ಎಲ್ಲಿದ್ದೇನೆ ಅಂತ ಯಾರಿಗೂ ಬರೆಯಬೇಡಿ."

ಹೀಗೆ ಹೋದಳು. ಲವಿಟಾ ಜೀಪಿನಿಂದ ಕೈ ಬೀಸಿದಳು. ಮಗುವಿಗೆ ಯಾವುದೂ ಮನಸ್ಸಿನಲ್ಲಿಲ್ಲವೋ, ಎಲ್ಲವೂ ಉಂಟೋ, ಅದೂ ನನಗೆ ಗೊತ್ತಾಗುವುದಿಲ್ಲ.

ಆ ದಿನದಿಂದ ಕಾರ್ಡು ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಸಾವಿನ ಕಾಗದ ಬರೆದಿದ್ದೇನೆ, ಸಾಲ ಕೇಳುವುದು, ಹುಡುಗಿ ಒಪ್ಪಿಗೆ ಇಲ್ಲ ಅನ್ನುವುದು, ಬಾಂಬೆಯ ಹೋಟೆಲಿನಲ್ಲಿ ಕಾಣೆಯಾದವರನ್ನು ಹುಡುಕುವುದು, ಎಲ್ಲ ಬರೆದಿದ್ದೇನೆ. ಅಳಿಯನಿಗೆ ಮನೆಗೆ ಬರಬೇಡ ಅಂತ ಬರೆಯುವ ಕಾಗದ ನಾನು ಕಂಡೇ ಇಲ್ಲ. "ಆಶೀರ್ವಾದಗಳು" ಅಂತ ಶುರು ಮಾಡಿದರೆ "ಬರಬೇಡ" ಅನ್ನುವಲ್ಲಿಗೆ ಹೋಗಿ ಮುಟ್ಟುವುದೇ ಇಲ್ಲ. ಅವನು ದೇವರ ಮುಂದೆ ಅವಳ ಗಂಡ. ನಾನೇ ಕೈ ಹಿಡಿದು ಕೊಟ್ಟದ್ದು. ಮಗಳನ್ನು ಬಿಡಿಸಿದ ಅಪ್ಪ ಅಂತ ನಾಳೆ ಇಗರ್ಜಿಯ ಮೆಟ್ಟಿಲಲ್ಲಿ ಜನ ಆಡಿಕೊಳ್ಳುವುದು ನನ್ನನ್ನಲ್ಲ, ಅವಳನ್ನು. ಆದರೆ ಮಗುವಿನ ಕಾಲು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಒಂದು ಬದಿಯಿಂದ ಯೋಚಿಸಿದರೆ ಒಂದು ಸರಿ, ಇನ್ನೊಂದು ಬದಿಯಿಂದ ಇನ್ನೊಂದು ಸರಿ. ಎರಡೂ ಸರಿಯಾದರೆ ನನಗೆ ಯಾಕೆ ಎರಡೂ ತಪ್ಪು ಅಂತ ಕಾಣುತ್ತದೆ?

ನೀನು ನಮ್ಮಲ್ಲಿ ಎಲ್ಲರಿಗಿಂತ ನಿಧಾನದವಳು. ಗಂಡ ರೆಜಿನಾಲ್ಡ್ ತೀರಿಹೋದ ಮೇಲೆ ಒಬ್ಬಳೇ ಮನೆ ನಡೆಸಿದವಳು. ಒಂದು ಹೆಣ್ಣಿಗೆ ಎಲ್ಲಿ ನಿದ್ದೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದು ನಿನಗೆ ಗೊತ್ತಿರುತ್ತದೆ. ಹರ್ಬರ್ಟನಿಗೆ ಯಾವ ಮಾತಿನಲ್ಲಿ ಬರೆಯಬೇಕು, ಬರೆಯಬೇಕಾ ಬಾರದಾ, ನೀನು ತಿಳಿಸು. ನೀನು ಹೇಳಿದ ಹಾಗೆ ಬರೆಯುತ್ತೇನೆ. ಹನ್ನೆರಡಕ್ಕೆ ಮೊದಲು ನಿನ್ನ ಕಾಗದ ಮುಟ್ಟಬೇಕು.

ಗ್ಲೇಡಿಸಳಿಗೆ ಸುಖ ಹೆರಿಗೆಯಾಗಲಿ. ಲ್ಯಾನ್ಸಿಗೆ, ಪುಟ್ಟಿಗೆ, ನಿನಗೆ ಬಾಲಯೇಸುವಿನ ಆಶೀರ್ವಾದ ಈ ಹೊಸ ವರ್ಷವಿಡೀ ಇರಲಿ.

ನಿನ್ನ ಪ್ರೀತಿಯ ಅಣ್ಣ,
ಫಿಡೆಲಿಸ್

ಮತ್ತೆ ಬರೆದದ್ದು, ಶನಿವಾರ ಬೆಳಿಗ್ಗೆ:

ಲಕೋಟೆಗೆ ಅಂಟು ಹಚ್ಚುವಾಗ ಮಗ್ದಲಿನ್ ಬಂದು ನಿಂತಳು. ಇಷ್ಟು ದಿನದ ಮೇಲೆ ಮೊದಲ ಮಾತು: "ಯಾರಿಗೆ?"

"ಜೆಸ್ಸಿಗೆ. ಎಂತ ಮಾಡುವುದು ಅಂತ ಕೇಳಿದ್ದೇನೆ" ಅಂದೆ.

"ಸರಿಯಾದವಳನ್ನೇ ಕೇಳಿದ್ದೀರಿ. ನಿಮ್ಮ ಕಾಗದದ ರುಚಿ ಅವಳಷ್ಟು ಉಂಡವರು ಬೇರೆ ಯಾರಿದ್ದಾರೆ?" ಅಂತ ಹೇಳಿ ಒಳಗೆ ಹೋದಳು.

ಅಂಟು ಒಣಗಿತು. ನಾನು ಕೂತೇ ಇದ್ದೆ.

ಅರವತ್ತನಾಲ್ಕರ ಏಪ್ರಿಲಿನಲ್ಲಿ ನೀನು ಎಂಟು ತಿಂಗಳ ಲ್ಯಾನ್ಸಿಯನ್ನು ಎತ್ತಿಕೊಂಡು ಬಂದೆ. ಅಂಥ ಸೆಕೆಯಲ್ಲೂ ಮೈಮೇಲಿನ ಶಾಲು ತೆಗೆಯಲಿಲ್ಲ. ಹನ್ನೊಂದನೇ ದಿನ ರೆಜಿನಾಲ್ಡ್ ಬಂದ. ಅಪ್ಪ ಹೇಳಿ ಕಳುಹಿಸಿದ್ದು ಅಂತ ನಾನು ನಿನಗೆ ಹೇಳಿದೆ. ನೀನು ಬಸ್ಸು ಹತ್ತುವಾಗ ಅಪ್ಪನಿಗೆ ಬೆಸಾಂವ್ ಕೇಳಲಿಲ್ಲ, ಆಶೀರ್ವಾದಕ್ಕೆ ಕೈ ಜೋಡಿಸಲಿಲ್ಲ. ಮತ್ತೆ ಊರಿಗೆ ಬಂದಾಗಲೂ ಅವರ ಹತ್ತಿರ ಕೂರಲಿಲ್ಲ. ಜೆಸ್ಸಿಗೆ ನನ್ನ ಮೇಲೆ ಎಂತ ಸಿಟ್ಟು ಫಿಡೆಲಿಸ್ ಅಂತ ಅಪ್ಪ ಸಾಯುವ ವಾರದಲ್ಲೂ ಕೇಳಿದರು. ಎಂತದೂ ಇಲ್ಲ ಅಪ್ಪಾ ಅಂತ ಹೇಳಿ ನಾನು ಅವರ ಬಾಯಿಗೆ ನೀರು ಬಿಟ್ಟೆ.

ಅಪ್ಪ ಬರೆಸಲಿಲ್ಲ ಜೆಸ್ಸಿ. ಅಪ್ಪನಿಗೆ ಗೊತ್ತೇ ಇರಲಿಲ್ಲ. ನೀನು ಇಲ್ಲಿದ್ದೀ ಅಂತ ರೆಜಿನಾಲ್ಡನಿಗೆ ಹೋದ ಆ ಕಾಗದ ನಾನೇ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಬರೆದೆ. ಮದುವೆಯಾಗಿ ಹೊಸತಾಗಿ ಬಂದಿದ್ದ ಮಗ್ದಲಿನ್ ನೋಡಿದ್ದಳು.

ಇದನ್ನು ಒಪ್ಪಿಕೊಳ್ಳುವ ಅಂತ ಇಲ್ಲಿಯವರೆಗೆ ಬರೆದ ಮೇಲೆ ಒಂದು ವಿಷಯ ಹೊಳೆಯಿತು. ಅದು ಇಷ್ಟು ವರ್ಷ ನನಗೆ ಹೇಗೆ ಹೊಳೆಯಲಿಲ್ಲವೋ ದೇವರಿಗೇ ಗೊತ್ತು. ಆಗ ನಮ್ಮ ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ಯಾರಿಗೆ? ನಿನ್ನನ್ನು ಬಿಟ್ಟರೆ ನನ್ನೊಬ್ಬನಿಗೆ. ಅಪ್ಪ ಹೆಬ್ಬೆಟ್ಟು ಒತ್ತುವವರು. ನಿನಗೆ ಓದಲು ಕಲಿಸಿದವನೂ ನಾನೇ, ನನ್ನ ಅಕ್ಷರ ನಿನ್ನಷ್ಟು ಬಲ್ಲವರಿಲ್ಲ. ರೆಜಿನಾಲ್ಡ್ ಆ ಕಾಗದವನ್ನು ನಿನಗೆ ತೋರಿಸದೆ ಇರುವ ಜಾತಿಯವನಲ್ಲ. ಹಾಗಾದರೆ ಈ ಮೂವತ್ತೆರಡು ವರ್ಷ ನೀನು "ಪ್ರೀತಿಯ ಅಣ್ಣನಿಗೆ" ಅಂತ ಬರೆದದ್ದು ಗೊತ್ತಿದ್ದಾ, ಗೊತ್ತಿಲ್ಲದೆಯಾ? ಗೊತ್ತಿದ್ದರೆ ಅಪ್ಪನಿಗೆ ಯಾಕೆ ಮುಖ ತಿರುಗಿಸಿದೆ? ಗೊತ್ತಿಲ್ಲದಿದ್ದರೆ ನಾನು ಈಗ ಹೇಳಿ ಕೆಡಿಸಿದೆನಾ?

ಹರ್ಬರ್ಟನಿಗೆ ಕಾರ್ಡು ಬರೆಯಲು ನಿನ್ನ ಉತ್ತರ ಕಾಯಲಿಲ್ಲ. ನಿನ್ನನ್ನು ಕೇಳುವ ಮುಖ ನನಗೆ ಎಲ್ಲಿದೆ? ಒಂದೇ ಸಾಲು ಬರೆದೆ: "ಹರ್ಬರ್ಟ್, ಹನ್ನೆರಡಕ್ಕೆ ಬರಬೇಡ, ನಾನು ಬಾಗಿಲು ತೆರೆಯುವುದಿಲ್ಲ." ಆಶೀರ್ವಾದ ಹಾಕಲಿಲ್ಲ. ಸಹಿ ಬೇರೆ ಯಾರದ್ದೋ ಥರ ಬಂದಿದೆ. ಸರಿ ಮಾಡಿದೆನಾ ತಪ್ಪು ಮಾಡಿದೆನಾ ನನಗೆ ಈಗಲೂ ಗೊತ್ತಾಗುವುದಿಲ್ಲ. ಅವನು ಬಂದು ತಟ್ಟಿದರೆ ಈ ಕಾಲು ತಾನಾಗಿ ಏಳದೆ ಕೂತಿರುತ್ತದಾ, ಅದೂ ಗೊತ್ತಿಲ್ಲ. ಆ ದಿನ ಮಗ್ದಲಿನ್ ನನ್ನ ಪಕ್ಕದಲ್ಲೇ ಕೂರುತ್ತಾಳಂತೆ. ಹುಂಜಕ್ಕೆ ಹೇಳುತ್ತಿದ್ದಳು. ಕಾರ್ಡನ್ನೂ ಈ ಕಾಗದವನ್ನೂ ಈಗ ಒಟ್ಟಿಗೆ ಹಾಕಿ ಬರುತ್ತೇನೆ.

ನೀನು ಕ್ಷಮಿಸಬೇಕು ಅಂತ ಬರೆಯುತ್ತಿಲ್ಲ. ಎರಡು ಸಾಲಾದರೂ ಸಾಕು. ಸಿಟ್ಟಿದ್ದರೆ ಸಿಟ್ಟನ್ನೇ ಬರೆ, "ಪ್ರೀತಿಯ" ಬಿಟ್ಟು ಬರೆದರೂ ಅಡ್ಡಿಯಿಲ್ಲ. ಆದರೆ ಬೇಗ ಬರೆ, ಜೆಸ್ಸಿ.